ಹೆಸರಿಲ್ಲದ ಮುಖಗಳು

ರೋಣ, ನರಗುಂದ, ಗಜೇಂದ್ರಗಡಗಳ ಹಳೆಯ ಮನೆಗಳಲ್ಲಿ ಪಡಸಾಲೆಯ ಗೋಡೆಗೆ, ದೇವರ ಪಟಗಳ ಸಾಲಿನಲ್ಲಿಯೇ, ಹಿರಿಯರ ಛಾಯಾಚಿತ್ರಗಳನ್ನು ತೂಗುಹಾಕುವುದು ವಾಡಿಕೆ. ಮನೆ ಪಾಲಾಗುವಾಗ ಹೊಲ, ಎತ್ತು, ಪಾತ್ರೆಗಳಿಗೆ ಹಕ್ಕುದಾರರು ಮುಂದೆ ಬರುತ್ತಾರೆ. ಈ ಪಟಗಳನ್ನು ಕೇಳುವವರು ವಿರಳ. ಕೊನೆಗೆ ಅವು ಗುಜರಿಯವನ ಚೀಲವನ್ನು ಸೇರುತ್ತವೆ. ಅವನಿಗೆ ಬೇಕಾದುದು ಕಟ್ಟು ಮತ್ತು ಗಾಜು. ಒಳಗಿನ ಮುಖಗಳಿಗೆ ಬೆಲೆಯಿಲ್ಲ.

ಆ ಮುಖಗಳನ್ನೇ ಅರಸಿ ಹೋಗುವವರೂ ಉಂಟು. ತಮಗೆ ಬಂಧುಗಳಲ್ಲದವರ, ಹೆಸರು ಸಹ ತಿಳಿಯದವರ ಚಿತ್ರಗಳನ್ನು ಅವರು ಕೂಡಿಡುತ್ತಾರೆ. ಇದೆಂತಹ ಹುಚ್ಚು ಎಂದು ನಗಬಹುದು. ಆದರೆ ಅಂತಹ ಒಂದು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿರಿ. ನಡುವೆ ಕುರ್ಚಿಯ ಮೇಲೆ ರುಮಾಲು ಸುತ್ತಿ ಕೋಟು ತೊಟ್ಟ ಯಜಮಾನ. ಪಕ್ಕದಲ್ಲಿ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ ಗೃಹಿಣಿ. ಅವಳ ತೊಡೆಯ ಮೇಲೆ ಕುಂಚಿಗೆ ಕಟ್ಟಿದ ಕೂಸು. ಹಿಂದಿನ ಪರದೆಯ ಮೇಲೆ ಕಮಾನು, ಉದ್ಯಾನ, ಸರೋವರ. ಎರೆಭೂಮಿಯ ರೈತನು ಎಂದೂ ಕಂಡಿರದ ಸರೋವರವದು! ಎಲ್ಲರದೂ ಬಿಗಿದ ಮುಖ. 1839ರಲ್ಲಿ ಫ್ರಾನ್ಸಿನ ಡಾಗೇರ್‌ನ ವಿಧಾನವು ಪ್ರಕಟವಾದಾಗ ಒಂದು ಚಿತ್ರಕ್ಕೆ ಹಲವು ನಿಮಿಷಗಳು ಬೇಕಾಗುತ್ತಿದ್ದವು. ಮುಂದೆ ಆ ಅವಧಿ ಕ್ಷಣಗಳಿಗೆ ಇಳಿದರೂ, ಅಲುಗಾಡಬಾರದೆಂಬ ಅಪ್ಪಣೆ ಉಳಿದೇ ಉಳಿಯಿತು. ಕೂಸು ಅದನ್ನು ಪಾಲಿಸಲಿಲ್ಲ. ಅದರ ಒಂದು ಕಾಲು ಮಸುಕಾಗಿದೆ. ಇಡೀ ಚಿತ್ರದಲ್ಲಿ ಜೀವ ಮಿಡಿಯುವುದು ಆ ಮಸುಕಿನಲ್ಲಿಯೇ.

ಆ ಕೂಸು ಬದುಕಿ ಬೆಳೆಯಿತೆ? ಪ್ಲೇಗು, 1918ರ ಇನ್‌ಫ್ಲುಯೆಂಜಾಗಳು ಮನೆಮನೆಯನ್ನು ಬರಿದುಮಾಡಿದ ಕಾಲವದು. ಎಷ್ಟೋ ತಾಯಂದಿರಿಗೆ ಉಳಿದುದು ಒಂದು ಪಟ ಮಾತ್ರ. ಅದೂ ಇಲ್ಲದವರೇ ಹೆಚ್ಚು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಬಾಬಾಸಾಹೇಬನ ಹೆಸರು ಚರಿತ್ರೆಯ ಪುಟಗಳಲ್ಲಿದೆ. ನೇಕಾರನ ಮಗಳಿಗೆ, ಕಂಬಾರನ ಮಗನಿಗೆ ಅಂತಹ ಪುಟವೆಲ್ಲಿ?

ಬೆಂಗಳೂರಿನಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯದಂತಹ ಸಂಸ್ಥೆಗಳು ಹಳೆಯ ಚಿತ್ರಗಳನ್ನು ಕಾಪಿಡುತ್ತಿವೆ. ಆದರೆ ಹೆಸರನ್ನು ಕಾಪಿಡುವ ಕೆಲಸ ಮನೆಯಲ್ಲಿಯೇ ಆಗಬೇಕು. ಅಜ್ಜಿ ಇರುವಾಗಲೇ ಕೇಳಿ, ಚಿತ್ರದ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಹಗುರವಾಗಿ ಬರೆಯಬೇಕು. ಶಾಯಿ ಮುಂಬದಿಗೆ ಇಂಗಬಹುದು. ಒದ್ದೆ ಬಟ್ಟೆಯಿಂದ ಒರೆಸುವುದಂತೂ ಚಿತ್ರವನ್ನು ಕೊಂದಂತೆ.

ಪರರ ಮಕ್ಕಳ ಚಿತ್ರಗಳು ಸಂಗ್ರಾಹಕನಿಗೆ ಸೇರಿದವೆ? ಸೂಕ್ಷ್ಮ ಮನಸ್ಸಿನವರು, ವಾರಸುದಾರರು ಬಂದರೆ ಕೊಟ್ಟುಬಿಡುವೆವೆನ್ನುತ್ತಾರೆ. ಕೆಲವರಿಗೆ ಇದು ಬರಿಯ ವ್ಯಾಪಾರ. ವಾರಸುದಾರರು ಬರುವುದಾದರೂ ಹೇಗೆ? ಪಟದ ಹಿಂದೆ ಬರಹವಿದ್ದಾಗಲೂ ಅದು ಒಮ್ಮೊಮ್ಮೆ ‘ನಮ್ಮ ತಂಗಿ’ ಎಂದಷ್ಟೇ ಇರುತ್ತದೆ. ಬರೆದವನಿಗೆ ಅಷ್ಟು ಸಾಕಾಗಿತ್ತು.