ಗುದ್ದಲಿ ತಲೆಯ ಹುಳುವಿಗೆ ಬಾಯಿ ಎಲ್ಲಿದೆ?

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ಕಾಫಿ ತೋಟದಲ್ಲಿ ಕೊಳೆತ ದಿಮ್ಮಿ ಎತ್ತಿದರೆ ಗುದ್ದಲಿಯಂಥ ತಲೆಯ, ಬೆನ್ನ ಮೇಲೆ ಗೆರೆಯಿರುವ ಉದ್ದನೆಯ ಹುಳು ಕಾಣುತ್ತದೆ. ಇದು ಇಂಬಳದ ಜಾತಿಯೇ? ತಲೆಯಲ್ಲಿ ಬಾಯಿಯೇ ಕಾಣಲಿಲ್ಲ.
– ಓದುಗರು, ಮಗ್ಗೆ, ಆಲೂರು ತಾಲ್ಲೂಕು

ಉತ್ತರ: ಬಾಯಿ ಹುಡುಕುವಷ್ಟು ಹತ್ತಿರದಿಂದ ನೋಡಿದ್ದೀರಿ, ಬಹಳ ಸಂತೋಷ. ನೀವು ಕಂಡದ್ದು ನೆಲದ ಮೇಲೆ ಬದುಕುವ ಚಪ್ಪಟೆ ಹುಳು, ಬೈಪಾಲಿಯಂ ಕುಲದ್ದು. ಈ ಕುಲದಲ್ಲಿ ಹೆಚ್ಚು ಹೆಸರಾದದ್ದು ಬೈಪಾಲಿಯಂ ಕ್ಯೂವೆನ್ಸೆ. ತವರು ಆಗ್ನೇಯ ಏಷ್ಯಾ. ಗಿಡಗಳ ಬೇರುಮಣ್ಣಿನ ಜೊತೆ ಲೋಕವೆಲ್ಲ ಹರಡಿದೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಸಿಕ್ಕಿದ್ದನ್ನು 1878ರಲ್ಲಿ ಮೋಸ್ಲಿ ಎಂಬ ವಿಜ್ಞಾನಿ ವಿವರಿಸಿದರು. ಮಾಸಲು ಕಂದು ಬೆನ್ನಿನ ಮೇಲೆ ಉದ್ದಕ್ಕೂ ಐದು ಕಪ್ಪು ಗೆರೆ, ಕುತ್ತಿಗೆಯ ಬಳಿ ಅಡ್ಡಲಾಗಿ ಕಪ್ಪು ಪಟ್ಟಿ ಇದರ ಗುರುತು. ಉದ್ದ ಒಂದು ಅಡಿಯವರೆಗೂ ಇರುತ್ತದೆ. ನಿಮ್ಮ ಹುಳುವಿನ ಗೆರೆಗಳನ್ನು ಎಣಿಸಿ ನೋಡಿ. ಇದೇ ಕುಲದ ಬೇರೆ ಪ್ರಭೇದವೂ ಇರಬಹುದು.

ಇಂಬಳವೆಂದು ಅನುಮಾನ ಬರುವುದು ಸಹಜ. ಎರಡೂ ಲೋಳೆಯಾಗಿ, ಒದ್ದೆಯಲ್ಲೇ ಓಡಾಡುತ್ತವೆ. ಆದರೆ ಇಂಬಳ ಎರೆಹುಳುವಿನ ನೆಂಟ: ಮೈತುಂಬ ಉಂಗುರ, ಎರಡೂ ತುದಿಯಲ್ಲಿ ಹೀರುಬಟ್ಟಲು. ಚಪ್ಪಟೆ ಹುಳುವಿಗೆ ಇವೆರಡೂ ಇಲ್ಲ, ಅದು ನಮ್ಮ ರಕ್ತ ಹೀರುವುದೂ ಇಲ್ಲ. ಅದರ ದೂರದ ಬಂಧು ಲಾಡಿಹುಳು. ಹಾಗೆಂದು ಇದು ಹೊಟ್ಟೆಯೊಳಗೆ ಸೇರುವ ಪರಾವಲಂಬಿಯಲ್ಲ.

ಇನ್ನು ಬಾಯಿಯ ವಿಷಯ. ಆ ಅಗಲ ತಲೆಯಿರುವುದು ತಿನ್ನಲಿಕ್ಕಲ್ಲ, ಬೇಟೆಯ ಜಾಡು ಹಿಡಿಯಲಿಕ್ಕೆ. ಅದರ ಅಂಚಿನಲ್ಲಿ ಚುಕ್ಕಿಯಂಥ ಸಣ್ಣ ಕಣ್ಣುಗಳು ಸಾಲಾಗಿವೆ. ಬಾಯಿ ಇರುವುದು ಹೊಟ್ಟೆಯ ಕಡೆ, ಸುಮಾರು ನಡುಮೈಯಲ್ಲಿ! ಎರೆಹುಳು ಸಿಕ್ಕಿದರೆ ಅದರ ಮೇಲೇರಿ, ಲೋಳೆಯಿಂದ ಅಂಟಿಸಿಕೊಂಡು, ಆ ತೂತಿನಿಂದ ಬಿಳಿಯ ಗಂಟಲನ್ನು ಹೊರಚಾಚುತ್ತದೆ. ಗಂಟಲ ರಸದಲ್ಲಿ ಎರೆಹುಳುವಿನ ಮಾಂಸ ಕರಗಿದ ಹಾಗೆ ಹೀರಿಕೊಳ್ಳುತ್ತದೆ. ಗುದದ್ವಾರವಿಲ್ಲ, ಕಸವೂ ಅದೇ ಬಾಯಿಂದಲೇ ಹೊರಗೆ. ಶ್ವಾಸಕೋಶವಿಲ್ಲ, ರಕ್ತವಿಲ್ಲ, ಉಸಿರಾಟ ಚರ್ಮದ ಮೂಲಕ. ತೇವ ಆರಿದರೆ ಸಾಯುತ್ತದೆ, ಆದ್ದರಿಂದಲೇ ದಿಮ್ಮಿಯ ಅಡಿ ಸೇರುವುದು. ಗಾಜಿನ ತುಂಡಿನ ಮೇಲೆ ಹರಿಯಬಿಟ್ಟು ಕೆಳಗಿನಿಂದ ನೋಡಿದರೆ, ತೆವಳಲು ಬಳಸುವ ಮಸುಕು ಪಟ್ಟಿಯೂ ಬಾಯಿಯೂ ಕಾಣುತ್ತವೆ.

ಕಡ್ಡಿಯಿಂದ ಎತ್ತಿ, ಬರಿಗೈಯಲ್ಲಿ ಬೇಡ. ಪಫರ್ ಮೀನಿನಲ್ಲಿರುವ ಟೆಟ್ರೊಡೊಟಾಕ್ಸಿನ್ ವಿಷವೇ ಈ ಹುಳುವಿನಲ್ಲೂ ಇದೆಯೆಂದು 2014ರಲ್ಲಿ ಪ್ರಕಟವಾಯಿತು. ಮುಟ್ಟಿದ್ದರೆ ಕೈ ತೊಳೆದುಕೊಂಡರೆ ಸಾಕು, ಗಾಬರಿ ಬೇಡ. ಕತ್ತಿಯಿಂದ ಮಾತ್ರ ತುಂಡರಿಸಬೇಡಿ: ಇದು ತಾನಾಗಿಯೇ ಬಾಲದ ತುದಿ ಕಳಚಿ ಸಂತಾನ ಬೆಳೆಸುವ ಪ್ರಾಣಿ. ನೀವು ಕಡಿದ ತುಂಡಿಗೂ ಕೆಲವೇ ದಿನಗಳಲ್ಲಿ ಹೊಸ ತಲೆ ಮೂಡಬಹುದು.