ಪೈರಿನ ರಕ್ಷಣೆಗೆ ಕೋವಿ: ಹಿಡುವಳಿದಾರರು ಅರಿಯತಕ್ಕ ವಿಷಯಗಳು

ಸಕಲೇಶಪುರ, ಆಲೂರು ಸೀಮೆಗಳಲ್ಲಿ ಬತ್ತವು ತೆನೆಗೂಡುವ ಕಾಲಕ್ಕೆ ಕಾಡುಹಂದಿಯ ಹಾವಳಿಯೂ ಮೊದಲಾಗುವುದು. ಇದಕ್ಕಾಗಿ ಕೋವಿಯನ್ನು ಇಟ್ಟುಕೊಳ್ಳುವವರು ಕಾನೂನನ್ನು ಮೊದಲು ತಿಳಿದಿರತಕ್ಕುದು.

1959ನೇ ಇಸವಿಯ ಆಯುಧ ಕಾಯಿದೆಯ ಮೇರೆಗೆ 21 ವರ್ಷ ತುಂಬಿದವರು ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಬೇಕು; ಪೋಲೀಸರ ವರದಿಯನ್ನು ತರಿಸಿ ಅವರು ನಿರ್ಣಯಿಸುವರು. ಪೈರಿನ ರಕ್ಷಣೆಗೆಂದು ಸಾಮಾನ್ಯವಾಗಿ ದೊರೆಯುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ. 2019ರ ತಿದ್ದುಪಡಿಯಂತೆ ಲೈಸನ್ಸಿನ ಅವಧಿ 5 ವರ್ಷ. ಅವಧಿ ತೀರಿದರೆ, ಅಥವಾ ಕಾಲವಾದ ಹಿರಿಯರ ಕೋವಿ ಅಟ್ಟದಲ್ಲಿ ಉಳಿದಿದ್ದರೆ, ತಡಮಾಡದೆ ಠಾಣೆಗೆ ಒಪ್ಪಿಸಬೇಕು. ಲೈಸನ್ಸಿಲ್ಲದ ಆಳಿನ ಕೈಗೆ ಕೋವಿಯನ್ನು ಕೊಡತಕ್ಕುದಲ್ಲ.

ಲೈಸನ್ಸು ಬೇಟೆಗೆ ಅಪ್ಪಣೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅರಣ್ಯಾಧಿಕಾರಿಗಳ ಅನುಮತಿಯಿಲ್ಲದೆ ಹಂದಿಯನ್ನೂ ಕೊಲ್ಲಲಾಗದು. ಬರಿಯ ಮದ್ದಿನ ಸದ್ದಿನಿಂದ ಬೆದರಿಸಿ ಓಡಿಸುವುದೇ ಲೇಸು. ಆನೆಗೆ ಗುಂಡು ಹಾರಿಸುವುದು ಘೋರವಾದ ಅಪರಾಧ. ಅದು ಕಂಡಕೂಡಲೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಇರುಳಿನಲ್ಲಿ ಕಾಫಿ ಗಿಡಗಳ ಮರೆಯಲ್ಲಿ ಅಲುಗಿದ್ದು ಹಂದಿಯೋ, ಗದ್ದೆ ಕಾಯಲು ಬಂದ ನೆರೆಯವನೋ ಎಂದು ಕಣ್ಣಾರೆ ಕಾಣದೆ ಕೋವಿಯನ್ನು ಎತ್ತಲೇಬಾರದು. ಮನೆಯ ಹೊಸ್ತಿಲನ್ನು ದಾಟುವ ಮೊದಲೇ ತುಂಬಿದ ಮದ್ದನ್ನು ತೆಗೆಯಬೇಕು. ಕೋವಿಯನ್ನೂ ಮದ್ದನ್ನೂ ಬೇರೆಬೇರೆ ಕಡೆ ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹಾಳಾದ ಪೈರನ್ನು ಮುಂದಿನ ಮಳೆಗೆ ಮತ್ತೆ ಬೆಳೆಯಬಹುದು. ಹೋದ ಪ್ರಾಣವು ಮರಳಿ ಬಾರದು. ಗ್ರಾಮದ ಮುಖಂಡರು ಈ ಸಂಗತಿಗಳನ್ನು ಎಲ್ಲರಿಗೂ ತಿಳಿಯಹೇಳಬೇಕಾಗಿ ಕೋರಿಕೆ.