ದಕ್ಕೆಯಲ್ಲೇ ಬೋಟು ಮುಳುಗಿದರೆ ಏನು ಮಾಡಬೇಕು?

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು, ಗಂಗೊಳ್ಳಿಯ ದಕ್ಕೆಗಳಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಹಳೆಯ ಬೋಟು ಮುಳುಗಲು ಬಿರುಗಾಳಿಯೇ ಬೇಕೆಂದಿಲ್ಲ, ಕಟ್ಟಿದಲ್ಲೇ ಮುಳುಗುತ್ತದೆ. ಕಾರಣ ಕೇಳಿದರೆ ‘ಹಲಗೆ ಬಿಟ್ಟಿತು’ ಎಂಬ ಸಿದ್ಧ ಉತ್ತರ. ಎತ್ತಿ ನೋಡಿದರೆ ಎಷ್ಟೋ ಸಲ ಹಲಗೆ ಗಟ್ಟಿಯಾಗಿಯೇ ಇರುತ್ತದೆ. ಇಂಜಿನ್‌ಗೆ ಸಮುದ್ರದ ನೀರು ಎಳೆಯುವ ಪೈಪಿನ ಕ್ಲಿಪ್ ತುಕ್ಕು ತಿಂದು ಕಳಚಿರುತ್ತದೆ, ವಾಲ್ವ್ ಮುಚ್ಚಿರುವುದಿಲ್ಲ.

ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗಿರುವ ಒಂದಿಂಚಿನ ತೂತಿನಿಂದ ನಿಮಿಷಕ್ಕೆ ಸುಮಾರು 60 ಲೀಟರ್ ನೀರು ಒಳಗೆ ಬರುತ್ತದೆ. ಸಂಜೆ ಆರಕ್ಕೆ ಶುರುವಾದರೆ ಬೆಳಗ್ಗೆ ಆರರೊಳಗೆ 40 ಟನ್ ದಾಟುತ್ತದೆ. ಆಟೊಮ್ಯಾಟಿಕ್ ಪಂಪ್ ಇದೆ ಎಂದು ಧೈರ್ಯ ಮಾಡಬೇಡಿ. ಅದು ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಓಡುತ್ತದೆ.

ಇನ್ನೊಂದು ಕಾರಣ ಮಳೆ. ಡೆಕ್‌ನ ನೀರು ಹೋಗುವ ಕಿಂಡಿಗೆ ಬಲೆಯ ನೂಲು, ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ. 60 ಚದರ ಮೀಟರಿನ ಡೆಕ್ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಆರು ಟನ್ ನೀರು. ಅಷ್ಟಕ್ಕೇ ಬೋಟು ಮುಳುಗದು, ಆದರೆ ತಗ್ಗುತ್ತದೆ. ತಗ್ಗಿದಾಗ ಮೊನ್ನೆಯವರೆಗೆ ನೀರಿನಿಂದ ಮೇಲಿದ್ದ ಹೊಗೆ ಪೈಪಿನ ಬಾಯಿ, ಒಣಗಿ ಬಿರುಕುಬಿಟ್ಟ ಮೇಲಿನ ಹಲಗೆಯ ಸಂದು ಎಲ್ಲ ನೀರಿಗಿಳಿಯುತ್ತವೆ. ಮುಂದಿನದು ಸಮುದ್ರದ ಕೆಲಸ. ವಾಲ್ವ್ ಮುಚ್ಚಿ, ಶಾಫ್ಟಿನ ಗ್ಲ್ಯಾಂಡ್ ಬಿಗಿ ಮಾಡಿ, ಕಿಂಡಿ ಬಿಡಿಸಿ, ಮಳೆಗಾಲದಲ್ಲಿ ದಿನಕ್ಕೊಮ್ಮೆ ತಳ ನೋಡಿ.

ಮುಳುಗಿಯೇ ಹೋಯಿತೆನ್ನಿ. ಮೊದಲು ಡೀಸೆಲ್ ಟ್ಯಾಂಕಿನ ವಾಲ್ವ್ ಮತ್ತು ಗಾಳಿ ಪೈಪು ಮುಚ್ಚಿಸಿ. ಮುಳುಗುಗಾರರಿಂದ ತೂತಿಗೆ ಬೆಣೆ ಹೊಡೆಸಿ. ಮೂತಿಗೆ ಹಗ್ಗ ಬಿಗಿದು ಜೆಸಿಬಿಯಲ್ಲಿ ಎಳೆಸಬೇಡಿ, ಹಳೆಯ ಮರ ಕಿತ್ತು ಬರುತ್ತದೆ. ಹೊಟ್ಟೆಯಡಿ ಎರಡು ಕಡೆ ಅಗಲದ ಬೆಲ್ಟ್ ಹಾಯಿಸಿ ಕ್ರೇನ್‌ನಿಂದ ಎತ್ತಬೇಕು. ಕ್ರೇನ್ ಬಾರದ ಕಡೆ ಇಳಿತದ ಹೊತ್ತಿನಲ್ಲಿ ಅಕ್ಕಪಕ್ಕದ ಎರಡು ಗಟ್ಟಿ ಬೋಟುಗಳಿಗೆ ಬೆಲ್ಟ್ ಬಿಗಿದರೆ ಉಬ್ಬರವೇ ಎತ್ತಿಕೊಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಹೆಚ್ಚು, ಆ ದಿನ ನೋಡಿಕೊಳ್ಳಿ. ಹ್ಯಾಚಿನ ಅಂಚು ನೀರಿನಿಂದ ಮೇಲೆ ಬರುವ ಮೊದಲೇ ಪಂಪ್ ಹಚ್ಚುವುದು ಕಡಲನ್ನೇ ಬತ್ತಿಸಹೊರಟಂತೆ. ಅರ್ಧ ನೀರು ತುಂಬಿದ ಬೋಟು ಪಕ್ಕಕ್ಕೆ ಮಗುಚಬಹುದು, ಆದ್ದರಿಂದ ಪೂರ್ತಿ ಖಾಲಿಯಾಗುವವರೆಗೆ ಬೆಲ್ಟ್ ಸಡಿಲಿಸಬೇಡಿ, ಒಳಗೆ ಯಾರನ್ನೂ ಇಳಿಸಬೇಡಿ.

ಎಲ್ಲರೂ ಎಡವುವುದು ಇದರ ನಂತರ. ಬೋಟು ಮೇಲೆ ಬಂತು, ಇಂಜಿನ್ ಬಿಸಿಲಿಗೆ ಒಣಗಲಿ, ವಿಮೆಯ ಸರ್ವೆಯರ್ ಬಂದು ನೋಡಲಿ ಎಂದು ಕೂರುತ್ತಾರೆ. ನೀರಿನಡಿ ಇದ್ದಾಗ ಇಂಜಿನ್‌ಗೆ ಗಾಳಿ ಕಡಿಮೆ, ತುಕ್ಕೂ ನಿಧಾನ. ಉಪ್ಪುನೀರು ಕುಡಿದ ಕಬ್ಬಿಣಕ್ಕೆ ಗಾಳಿ ತಾಗಿದ ಗಳಿಗೆಯಿಂದ ತುಕ್ಕು ಓಡತೊಡಗುತ್ತದೆ, ಎರಡು ದಿನ ಬಿಟ್ಟರೆ ಪಿಸ್ಟನ್ ರಿಂಗ್ ಹಿಡಿದುಕೊಳ್ಳುತ್ತದೆ. ಹಾಗಾಗಿ ಕ್ರೇನ್ ಗೊತ್ತುಮಾಡುವ ಮೊದಲೇ ಮೆಕ್ಯಾನಿಕ್ ಗೊತ್ತುಮಾಡಿ. ಸರ್ವೆಯರ್‌ಗೆ ಮೊದಲೇ ಫೋನ್ ಮಾಡಿ ತಿಳಿಸಿ, ಫೋಟೊ, ವಿಡಿಯೊ ತೆಗೆದಿಟ್ಟು ಕೆಲಸಕ್ಕಿಳಿಯಿರಿ. ಸಿಹಿನೀರಿನಿಂದ ಒಳಗೂ ಹೊರಗೂ ತೊಳೆಯಿರಿ. ಆಯಿಲ್ ಇಳಿಸಿ. ಇಂಜೆಕ್ಟರ್‌ಗಳನ್ನು ಬಿಚ್ಚಿದ ಮೇಲೆಯೇ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ, ಸಿಲಿಂಡರಿನ ನೀರು ಚಿಮ್ಮಿ ಹೊರಬೀಳುತ್ತದೆ. ಇಂಜೆಕ್ಟರ್ ಬಿಚ್ಚದೆ ಸ್ಟಾರ್ಟರ್ ಒತ್ತಿದರೆ ನೀರು ಒತ್ತಿಹೋಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ; ಉಳಿಯುತ್ತಿದ್ದ ಇಂಜಿನ್ ಆ ಒಂದು ಗುಂಡಿಗೆ ಹೋಗುತ್ತದೆ. ಸಿಲಿಂಡರಿಗೆ ಡೀಸೆಲ್ ಬೆರೆಸಿದ ಆಯಿಲ್ ಸುರಿದು, ಹೊಸ ಆಯಿಲ್ ತುಂಬಿ, ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಬದಲಿಸಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ ಬದಲಿಸುತ್ತಲೇ ಇರಿ. ಮೆಕ್ಯಾನಿಕ್ ಆ ದಿನ ಸಿಗದಿದ್ದರೆ, ಬಿಚ್ಚಿದ ಬಿಡಿಭಾಗಗಳನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಡಿ. ಕೇಳಲು ವಿಚಿತ್ರ, ಆದರೆ ಬಿಸಿಲಿಗಿಂತ ಅದೇ ಮೇಲು.

ಓಡುತ್ತಿದ್ದಾಗಲೇ ನೀರು ಎಳೆದುಕೊಂಡ ಇಂಜಿನ್‌ನ ಆಸೆ ಕಡಿಮೆ. ಜಿಪಿಎಸ್, ವೈರ್‌ಲೆಸ್, ಫಿಶ್ ಫೈಂಡರ್ ಹೋದವೆಂದೇ ಲೆಕ್ಕ. ವೈರಿಂಗ್ ಪೂರ್ತಿ ಹೊಸದು ಮಾಡಿಸಿ, ತಾಮ್ರದೆಳೆಯೊಳಗೆ ಸೇರಿದ ಉಪ್ಪು ಹೋಗುವುದಿಲ್ಲ. ಉಕ್ಕಿನ ಬೋಟಾದರೆ ಅಲ್ಟ್ರಾಸೋನಿಕ್ ಗೇಜಿನಿಂದ ತಗಡಿನ ದಪ್ಪ ಅಳೆಸಿ. ಮರದ್ದಾದರೆ ಒಳಗಿನ ಅಡ್ಡಪಟ್ಟಿಗಳಿಗೆ ಚೂಪಾದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಅಲ್ಲಲ್ಲಿ ಸಲೀಸಾಗಿ ಒಳಹೋದರೆ ಇಂಜಿನ್, ಗೇರ್‌ಬಾಕ್ಸ್, ವಿಂಚ್ ಬಿಚ್ಚಿಕೊಂಡು ಉಳಿದದ್ದನ್ನು ಗುಜರಿಗೆ ಕೊಡಿ. ಎತ್ತಿದ ಖರ್ಚು ದಂಡವಾಯಿತೆಂದು ಮತ್ತಷ್ಟು ಸುರಿಯಬೇಡಿ. ಕಲಾಸಿಗಳು ಹತ್ತುವ ಬೋಟು ಅದು, ಅನುಮಾನವಿದ್ದರೆ ಕಡಲಿಗೆ ಇಳಿಸಬೇಡಿ.